ಮೈಸೂರು: ಬಂಡೆಯ ಭರವಸೆ, ಹೂಳಿನ ಆತಂಕ

ಎಲ್ಲಿಯಾದರೂ ಭೂಮಿ ನಡುಗಿದ ಸುದ್ದಿ ಬಂದಾಗಲೆಲ್ಲ ಮೈಸೂರಿನಲ್ಲಿ ಕೇಳಿಬರುವ ಮಾತು ಒಂದೇ: ‘ನಮ್ಮದು ಗಟ್ಟಿ ನೆಲ. ಬಂಡೆಯ ಮೇಲೆ ಕುಳಿತಿರುವ ಊರಿಗೆ ಅದರ ಭಯವಿಲ್ಲ.’ ಈ ನಂಬಿಕೆ ಆಧಾರವಿಲ್ಲದ್ದೇನೂ ಅಲ್ಲ. ನಗರದ ತಳದಲ್ಲಿ ಹರಡಿಕೊಂಡಿರುವುದು ಮುನ್ನೂರು ಕೋಟಿ ವರ್ಷಗಳಷ್ಟು ಹಳೆಯದಾದ ನೈಸ್ ಶಿಲೆ. ಅದನ್ನು ಭೇದಿಸಿಕೊಂಡು ನಿಂತಿರುವ ಚಾಮುಂಡಿ ಬೆಟ್ಟದ ಗ್ರಾನೈಟ್‌ಗೆ ಸುಮಾರು ಎಂಬತ್ತು ಕೋಟಿ ವರ್ಷ. ಭಾರತೀಯ ಮಾನಕ ಸಂಸ್ಥೆಯ 2002ರ ಭೂಕಂಪ ವಲಯ ನಕ್ಷೆಯೂ ಮೈಸೂರನ್ನು ಎರಡನೇ ವಲಯಕ್ಕೆ, ಅಂದರೆ ಅಪಾಯ ಅತ್ಯಂತ ಕಡಿಮೆಯಿರುವ ವಲಯಕ್ಕೆ ಸೇರಿಸಿತು. ಮಂಗಳೂರು, ಕಾರವಾರ ಮತ್ತು ಬೆಳಗಾವಿಗಳು ಅದೇ ನಕ್ಷೆಯಲ್ಲಿ ಮೂರನೇ ವಲಯಕ್ಕೆ ಸೇರಿದವು.

ಆದರೆ ಈ ಭರವಸೆಯಲ್ಲಿ ಒಂದು ದೊಡ್ಡ ಸಂದು ಇದೆ. ಬಂಡೆ ಇರುವುದು ಊರಿನ ಕೆಳಗೆ. ಮನೆಗಳು ನಿಂತಿರುವುದು ಬಂಡೆಯ ಮೇಲಿರುವ ಮಣ್ಣಿನಲ್ಲಿ. ಆ ಮಣ್ಣು ಒಂದು ಬಡಾವಣೆಯಲ್ಲಿ ಐದು ಅಡಿ ಇರಬಹುದು, ಅರ್ಧ ಕಿಲೋಮೀಟರ್ ಆಚೆಗೆ ಐವತ್ತು ಅಡಿ ಇರಬಹುದು. ಒಂದು ಕಡೆ ಅದು ಗಟ್ಟಿ ಮೊರಂ, ಇನ್ನೊಂದು ಕಡೆ ಕೆರೆಯ ಹೂಳು. ಭೂಕಂಪ ಸಂಭವಿಸಿದಾಗ ಯಾವ ಮನೆ ಎಷ್ಟು ಅಲುಗುತ್ತದೆ ಎಂಬುದನ್ನು ನಿರ್ಧರಿಸುವುದರಲ್ಲಿ ಈ ಮೇಲ್ಪದರದ ಪಾಲು ಬಹಳ ದೊಡ್ಡದು. ವಲಯ ನಕ್ಷೆ ಜಿಲ್ಲೆಗಳ ಅಳತೆಯಲ್ಲಿ ಮಾತನಾಡುತ್ತದೆ. ನಿವೇಶನದ ಅಳತೆಯಲ್ಲಿ ಅದು ಏನನ್ನೂ ಹೇಳುವುದಿಲ್ಲ.

ದೂರದ ಕಂಪನ, ಹತ್ತಿರದ ಹಾನಿ

ಈ ಮಾತಿಗೆ ಭಾರತದಲ್ಲಿ ಸಿಕ್ಕ ಅತ್ಯಂತ ಕಠೋರ ಸಾಕ್ಷಿ ಅಹಮದಾಬಾದ್. 2001ರ ಜನವರಿ 26ರ ಬೆಳಿಗ್ಗೆ ಕಛ್‌ನ ಭುಜ್ ಬಳಿ 7.7 ತೀವ್ರತೆಯ ಭೂಕಂಪ ಸಂಭವಿಸಿದಾಗ ಅಹಮದಾಬಾದ್ ಅದರ ಕೇಂದ್ರದಿಂದ 200 ಕಿ.ಮೀ.ಗೂ ಹೆಚ್ಚು ದೂರದಲ್ಲಿತ್ತು. ಆದರೂ ಅಲ್ಲಿ ಹಲವಾರು ಬಹುಮಹಡಿ ಕಟ್ಟಡಗಳು ನೆಲಕಚ್ಚಿ ಏಳುನೂರಕ್ಕೂ ಹೆಚ್ಚು ಮಂದಿ ಸತ್ತರು. ನಡುವಿನ ಎಷ್ಟೋ ಊರುಗಳು ಅಷ್ಟೊಂದು ಹಾನಿಯಿಲ್ಲದೆ ಪಾರಾದವು. ಸಾಬರಮತಿ ನದಿ ಸಾವಿರಾರು ವರ್ಷಗಳಿಂದ ತಂದು ಹಾಸಿದ ಮೆಕ್ಕಲು ಮಣ್ಣಿನ ದಪ್ಪ ಪದರದ ಮೇಲೆ ಆ ನಗರ ನಿಂತಿದೆ. ಕುಸಿದ ಕಟ್ಟಡಗಳಲ್ಲಿ ಬಹಳಷ್ಟು ಕಟ್ಟಡಗಳಿಗೆ ನೆಲಮಹಡಿಯಲ್ಲಿ ಗೋಡೆಗಳಿರಲಿಲ್ಲ. ವಾಹನ ನಿಲುಗಡೆಗೆಂದು ಬರಿಯ ಕಂಬಗಳ ಮೇಲೆ ಅವನ್ನು ಎತ್ತಲಾಗಿತ್ತು. ಕೆಟ್ಟ ನೆಲ ಮತ್ತು ಕೆಟ್ಟ ವಿನ್ಯಾಸ ಒಂದೇ ಕಡೆ ಕೂಡಿದ್ದವು.

ಇದಕ್ಕೂ ಮೊದಲು, 1985ರ ಸೆಪ್ಟೆಂಬರ್ 19ರಂದು, ಪೆಸಿಫಿಕ್ ಕರಾವಳಿಯಲ್ಲಿ ಹುಟ್ಟಿದ ಭೂಕಂಪವೊಂದು 350 ಕಿ.ಮೀ. ಆಚೆಗಿನ ಮೆಕ್ಸಿಕೋ ನಗರವನ್ನು ಕೆಡವಿತು. ಅಲ್ಲಿಯೂ ಕಾರಣ ನೆಲದ ಅಡಿಯಲ್ಲಿತ್ತು. ಸ್ಪೇನಿನವರು ಬತ್ತಿಸಿದ ಹಳೆಯ ಸರೋವರದ ಮೆದು ಜೇಡಿಯ ಮೇಲೆ ಊರಿನ ನಡುಭಾಗ ಬೆಳೆದಿತ್ತು. ಅದೇ ನಗರದ ಗಟ್ಟಿ ಗುಡ್ಡಗಳ ಮೇಲಿದ್ದ ಬಡಾವಣೆಗಳಿಗೆ ಆದ ಹಾನಿ ಅಲ್ಪ. ಒಂದೇ ಊರು, ಒಂದೇ ಭೂಕಂಪ, ಎರಡು ಬೇರೆ ಬೇರೆ ಫಲ.

ಇದು ಹೇಗೆ ಸಾಧ್ಯ? ತಟ್ಟೆಯಲ್ಲಿ ಗಡ್ಡೆ ಮೊಸರಿಟ್ಟು ತಟ್ಟೆಯನ್ನು ಮೆಲ್ಲಗೆ ಅಲುಗಿಸಿದರೆ ತಟ್ಟೆಗಿಂತ ಹೆಚ್ಚಾಗಿ ಮೊಸರು ತುಳುಕುತ್ತದೆ. ಗಟ್ಟಿ ಬಂಡೆಯಲ್ಲಿ ಭೂಕಂಪದ ಅಡ್ಡ ಅಲೆಗಳು ಸೆಕೆಂಡಿಗೆ ಎರಡು, ಮೂರು ಕಿ.ಮೀ. ವೇಗದಲ್ಲಿ ಸಾಗುತ್ತವೆ. ಮೆದು ಮಣ್ಣಿಗೆ ಬಂದೊಡನೆ ಅವುಗಳ ವೇಗ ಸೆಕೆಂಡಿಗೆ 200 ಮೀಟರಿನ ಆಸುಪಾಸಿಗೆ, ಕೆಲವೊಮ್ಮೆ ಅದಕ್ಕಿಂತಲೂ ಕೆಳಗೆ ಇಳಿಯುತ್ತದೆ. ಹೊತ್ತು ತಂದ ಶಕ್ತಿ ಅಷ್ಟೇ ಇದ್ದು ವೇಗ ಕಡಿಮೆಯಾದಾಗ ಅಲೆಯ ಎತ್ತರ ಹೆಚ್ಚುವುದು ಅನಿವಾರ್ಯ. ಅದಲ್ಲದೆ ಗಟ್ಟಿ ಬಂಡೆಗೂ ನೆಲದ ಮೇಲ್ಮೈಗೂ ನಡುವೆ ಸಿಕ್ಕಿಬಿದ್ದ ಅಲೆಗಳು ಅಲ್ಲಿಯೇ ಹಿಂದೆ ಮುಂದೆ ಹೊಯ್ದಾಡುತ್ತವೆ. ಇದರಿಂದ ಅಲುಗಾಟದ ಅವಧಿಯೂ ಉದ್ದವಾಗುತ್ತದೆ.

ಎರಡನೆಯ ಅಂಶ ಇನ್ನೂ ಮುಖ್ಯವಾದುದು. ಪ್ರತಿ ಮಣ್ಣಿನ ಪದರಕ್ಕೂ ತನ್ನದೇ ಆದ ತೂಗಾಟದ ಲಯವಿದೆ. ಪದರದ ದಪ್ಪವನ್ನು ನಾಲ್ಕರಿಂದ ಗುಣಿಸಿ, ಅಲೆಯ ವೇಗದಿಂದ ಭಾಗಿಸಿದರೆ ಒಂದು ತೂಗಾಟಕ್ಕೆ ತಗಲುವ ಸಮಯ ಸಿಗುತ್ತದೆ. ಕಟ್ಟಡಗಳಿಗೂ ಇಂಥದೇ ಲಯವಿದೆ; ಒಂದು ಮಹಡಿಗೆ ಸುಮಾರು ಸೆಕೆಂಡಿನ ಹತ್ತನೇ ಒಂದು ಭಾಗ ಎಂಬುದು ಎಂಜಿನಿಯರುಗಳ ಸ್ಥೂಲ ಲೆಕ್ಕ. ಇವೆರಡೂ ಹೊಂದಿಕೊಂಡರೆ, ಉಯ್ಯಾಲೆಯನ್ನು ಸರಿಯಾದ ಹೊತ್ತಿಗೆ ತಳ್ಳಿದಂತೆ, ಪ್ರತಿ ಅಲೆಯೂ ಕಟ್ಟಡದ ತೂಗಾಟವನ್ನು ಹೆಚ್ಚಿಸುತ್ತ ಹೋಗುತ್ತದೆ. ಮೆಕ್ಸಿಕೋದ ಸರೋವರದ ಜೇಡಿ ಸುಮಾರು ಎರಡು ಸೆಕೆಂಡುಗಳ ನಿಧಾನ ಲಯದಲ್ಲಿ ತೂಗಿತು. ಆದ್ದರಿಂದಲೇ ಅಲ್ಲಿ ಚಿಕ್ಕ ಮನೆಗಳಿಗಿಂತ ಎತ್ತರದ ಕಟ್ಟಡಗಳು ಹೆಚ್ಚಾಗಿ ಬಿದ್ದವು.

ಮೈಸೂರಿಗೆ ಈ ಲೆಕ್ಕವನ್ನು ಹಚ್ಚಿ ನೋಡಬೇಕು. ಅಲೆಯ ವೇಗ ಸೆಕೆಂಡಿಗೆ 200 ಮೀಟರ್ ಇರುವ ಹತ್ತು ಮೀಟರ್ ದಪ್ಪದ ಪದರದ ಲಯ 0.2 ಸೆಕೆಂಡು, ಇಪ್ಪತ್ತು ಮೀಟರ್ ಪದರದ ಲಯ 0.4 ಸೆಕೆಂಡು. ಅಂದರೆ ಎರಡರಿಂದ ನಾಲ್ಕು ಮಹಡಿಗಳ ಕಟ್ಟಡಗಳ ಲಯ. ನಗರದ ಬಡಾವಣೆಗಳಲ್ಲಿ ಸಾಲುಸಾಲಾಗಿ ನಿಂತಿರುವುದು ಇಂಥ ಕಟ್ಟಡಗಳೇ. ಮೆದು ನೆಲ ಎಂದರೆ ಗಗನಚುಂಬಿಗಳಿಗೆ ಮಾತ್ರ ಸಂಬಂಧಿಸಿದ ಚಿಂತೆ ಎಂದು ತಿಳಿಯುವುದು ತಪ್ಪು.

ಕೆರೆಯಿದ್ದಲ್ಲಿ ಮೈದಾನ

ಸಮುದ್ರ ಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿ, ಕಾವೇರಿ ಮತ್ತು ಕಪಿಲಾ ನದಿಗಳ ನಡುವಿನ ದಿಣ್ಣೆಯ ಮೇಲೆ ಇರುವ ಮೈಸೂರಿನಲ್ಲಿ ಅಹಮದಾಬಾದ್‌ನಂಥ ನದಿಯ ಮೆಕ್ಕಲು ಇಲ್ಲ. ಆದರೆ ಕೆರೆಗಳಿವೆ; ಕೆರೆಗಳಿದ್ದವು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕುಕ್ಕರಹಳ್ಳಿ ಕೆರೆ, ಬೆಟ್ಟದ ಬುಡದ ಕಾರಂಜಿ ಕೆರೆ, ಪಶ್ಚಿಮದ ಲಿಂಗಾಂಬುಧಿ ಕೆರೆ, ದಕ್ಷಿಣದ ದಳವಾಯಿ ಕೆರೆಗಳು ಇಂದಿಗೂ ಉಳಿದಿವೆ. ಉಳಿಯದವುಗಳ ಹೆಸರು ಮಾತ್ರ ಊರಿನ ಬಾಯಲ್ಲಿದೆ. ದಸರಾ ವಸ್ತುಪ್ರದರ್ಶನ ನಡೆಯುವ ದೊಡ್ಡಕೆರೆ ಮೈದಾನ ಹೆಸರೇ ಹೇಳುವಂತೆ ಒಂದು ಕಾಲದ ಕೆರೆ. ವೈದ್ಯಕೀಯ ಕಾಲೇಜಿನ ಬಳಿಯ ಜೆ.ಕೆ. ಮೈದಾನದ ಮೊದಲ ಎರಡು ಅಕ್ಷರಗಳಲ್ಲಿ ಅಡಗಿರುವುದು ಜೀವರಾಯನ ಕಟ್ಟೆ. ಸ್ವಾತಂತ್ರ್ಯ ಹೋರಾಟದ ಸಭೆಗಳಿಗೆ ಹೆಸರಾದ ಸುಬ್ಬರಾಯನಕೆರೆಯಲ್ಲಿಯೂ ಈಗ ನೀರಿಲ್ಲ.

ಈ ಮೂರೂ ಜಾಗಗಳು ಬಹುಮಟ್ಟಿಗೆ ಬಯಲಾಗಿಯೇ ಉಳಿದಿರುವುದು ಸಮಾಧಾನದ ಸಂಗತಿ. ಆದರೆ ಕೆರೆಯೆಂದರೆ ಅದರ ಅಂಗಳವಷ್ಟೇ ಅಲ್ಲ. ಮೇಲಿನಿಂದ ನೀರು ತರುವ ಹಳ್ಳ, ಏರಿಯ ಕೆಳಗಿನ ಅಚ್ಚುಕಟ್ಟು, ಕೋಡಿ ನೀರು ಹರಿಯುವ ಕಾಲುವೆ, ಭತ್ತದ ಗದ್ದೆಬಯಲು ಎಲ್ಲವೂ ಅದರೊಂದಿಗೆ ಸೇರಿವೆ. ಶತಮಾನಗಳ ಕಾಲ ಗೋಡು ಸಂಗ್ರಹವಾದದ್ದು ಈ ತಗ್ಗುಗಳಲ್ಲಿ. ಊರು ಹೊರವಲಯಕ್ಕೆ ಬೆಳೆದಂತೆ ಸುತ್ತಲಿನ ಹಳ್ಳಿಗಳ ಇಂಥ ಗದ್ದೆಬಯಲುಗಳು ಬಡಾವಣೆಗಳಾದವು. ತಗ್ಗನ್ನು ಸಮ ಮಾಡಲು ಎಲ್ಲಿಂದಲೋ ತಂದ ಮಣ್ಣು, ಕಟ್ಟಡದ ಅವಶೇಷ ಸುರಿದು ಮಟ್ಟಸ ಮಾಡಿದ ನಿವೇಶನಗಳೂ ಉಂಟು. ಮಳೆ ಜೋರಾದಾಗ ಯಾವ ಬೀದಿಗೆ ಮೊದಲು ನೀರು ನುಗ್ಗುತ್ತದೆಯೋ ಆ ಬೀದಿಯ ಅಡಿಯ ನೆಲವನ್ನು ಅನುಮಾನಿಸುವುದು ನ್ಯಾಯ.

ಕೆರೆಯಿಲ್ಲದ ಕಡೆಯೂ ಎಲ್ಲವೂ ಬಂಡೆಯಲ್ಲ. ಮಳೆ ಬಿಸಿಲಿಗೆ ಯುಗಗಳಿಂದ ಮೈಯೊಡ್ಡಿದ ನೈಸ್ ಶಿಲೆ ಮೇಲಿನಿಂದ ಕೆಳಕ್ಕೆ ಶಿಥಿಲವಾಗುತ್ತ ಬಂದಿದೆ. ಮೊದಲು ಕೆಮ್ಮಣ್ಣು, ಅದರಡಿ ಮೊರಂ, ಆಮೇಲೆ ಕೈಯಲ್ಲಿ ಪುಡಿಯಾಗುವ ಕಲ್ಲು, ಕೊನೆಗೆ ಗಟ್ಟಿ ಶಿಲೆ. ಈ ಪದರದ ದಪ್ಪ ಎಲ್ಲೆಡೆ ಒಂದೇ ಸಮ ಇರುವುದಿಲ್ಲ. ಭೂಕಂಪದ ಹಂಗಿಲ್ಲದೆಯೇ ಈ ಮೇಲ್ಪದರ ಜಾರಬಲ್ಲದು ಎಂಬುದಕ್ಕೆ 2021ರ ಅಕ್ಟೋಬರ್ ಮಳೆಯಲ್ಲಿ ಚಾಮುಂಡಿ ಬೆಟ್ಟದ ನಂದಿ ರಸ್ತೆ ಕುಸಿದದ್ದೇ ನಿದರ್ಶನ. ಗ್ರಾನೈಟ್ ಬೆಟ್ಟದ ರಸ್ತೆಯೂ ನಿಂತಿರುವುದು ಮಣ್ಣಿನ ಮೇಲೆಯೇ.

ಎಷ್ಟು ದೊಡ್ಡ ಭೂಕಂಪ ನಿರೀಕ್ಷಿತ?

ಇಲ್ಲಿ ಅತಿರೇಕಕ್ಕೆ ಎಡೆ ಕೊಡಬಾರದು. ಭುಜ್‌ನಂಥ ಭೂಕಂಪ ಮೈಸೂರಿನ ಅಡಿಯಲ್ಲಿ ಹುಟ್ಟುತ್ತದೆ ಎಂದು ಯಾವ ವಿಜ್ಞಾನಿಯೂ ಹೇಳುತ್ತಿಲ್ಲ. ಆದರೆ ದಕ್ಷಿಣ ಭಾರತದ ಶಿಲೆ ಅಲುಗುವುದೇ ಇಲ್ಲ ಎಂಬ ಮಾತನ್ನು ಇತಿಹಾಸ ಒಪ್ಪುವುದಿಲ್ಲ. 1843ರಲ್ಲಿ ಬಳ್ಳಾರಿ ನಡುಗಿತು. 1900ರ ಫೆಬ್ರುವರಿ 8ರಂದು ಕೊಯಮತ್ತೂರು ಪ್ರದೇಶದಲ್ಲಿ ಸುಮಾರು 6ರ ತೀವ್ರತೆಯ ಭೂಕಂಪ ಸಂಭವಿಸಿ ದಕ್ಷಿಣ ಭಾರತದ ಬಹುಭಾಗಕ್ಕೆ ಅದರ ಅನುಭವವಾಯಿತು. 1967ರಲ್ಲಿ ಕೊಯ್ನಾ, 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿ. ಕರ್ನಾಟಕದ ಗಡಿಗೆ ಸಮೀಪದ ಕಿಲ್ಲಾರಿಯಲ್ಲಿ ಸುಮಾರು ಹತ್ತು ಸಾವಿರ ಮಂದಿ ಸತ್ತರು. ಅಂದಿನ ವಲಯ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಎಲ್ಲಕ್ಕಿಂತ ಸುರಕ್ಷಿತವೆನಿಸಿದ ಒಂದನೇ ವಲಯದಲ್ಲಿ ಎಂಬುದು ಮರೆಯಬಾರದ ಸಂಗತಿ. 2002ರ ಪರಿಷ್ಕರಣೆಯಲ್ಲಿ ಒಂದನೇ ವಲಯವನ್ನೇ ಕೈಬಿಟ್ಟು ಎರಡನೆಯದರಲ್ಲಿ ವಿಲೀನಗೊಳಿಸಲಾಯಿತು.

ಮೈಸೂರಿಗೆ ಇನ್ನೂ ಹತ್ತಿರದ ಉದಾಹರಣೆಗಳಿವೆ. ಭುಜ್ ದುರಂತ ನಡೆದ ಮೂರೇ ದಿನಗಳಲ್ಲಿ, 2001ರ ಜನವರಿ 29ರಂದು, ಬೆಂಗಳೂರು ಮತ್ತು ಸುತ್ತಲಿನ ಜಿಲ್ಲೆಗಳಲ್ಲಿ 4.3 ತೀವ್ರತೆಯ ಕಂಪನ ದಾಖಲಾಯಿತು. 2022ರ ಜೂನ್ 23ರಂದು ಹಾಸನ ಜಿಲ್ಲೆಯ ಹೊಳೆನರಸೀಪುರ ಭಾಗದಲ್ಲಿ 3.4 ತೀವ್ರತೆಯ ಕಂಪನವಾಯಿತು. ಅದರ ಬೆನ್ನಿಗೇ ಕೊಡಗು ಮತ್ತು ದಕ್ಷಿಣ ಕನ್ನಡದ ಗಡಿಯ ಚೆಂಬು, ಸಂಪಾಜೆ ಸುತ್ತಮುತ್ತ ಸಣ್ಣ ಕಂಪನಗಳ ಸರಣಿಯೇ ನಡೆಯಿತು.

2000ರ ದಶಕದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ಜಿ. ಸೀತಾರಾಮ್ ಮತ್ತು ಪಿ. ಅನ್ಬಳಗನ್ ಅವರು ಬೆಂಗಳೂರಿನ ಭೂಕಂಪ ಅಪಾಯವನ್ನು ಅಧ್ಯಯನ ಮಾಡಿದಾಗ ಆ ನಗರಕ್ಕೆ ಅತ್ಯಂತ ಅಪಾಯಕಾರಿ ಎಂದು ಗುರುತಿಸಿದ್ದು ಮಂಡ್ಯ-ಚನ್ನಪಟ್ಟಣ-ಬೆಂಗಳೂರು ಭೂರೇಖೆಯನ್ನು. ಅದರ ಮೇಲೆ 5.1 ತೀವ್ರತೆಯ ಭೂಕಂಪ ಸಾಧ್ಯವೆಂದು ಭಾವಿಸಿ ಅವರು ಲೆಕ್ಕ ಹಾಕಿದರು. ಬೆಂಗಳೂರಿನಲ್ಲಿ ಬಂಡೆಯ ಮಟ್ಟದಲ್ಲಿಯೇ ಅಲುಗಾಟದ ವೇಗೋತ್ಕರ್ಷ ಗುರುತ್ವದ ಶೇ 15ರಷ್ಟು ಇರಬಹುದೆಂಬ ಉತ್ತರ ಬಂತು. ಎರಡನೇ ವಲಯಕ್ಕೆ ಸಂಹಿತೆ ನಿಗದಿಪಡಿಸಿದ್ದ ಅಂಶ ಶೇ 10. ನೂರಾರು ಕೊರೆತ ದಾಖಲೆಗಳನ್ನು ಮತ್ತು ನೆಲದ ಮೇಲೆ ಅಲೆಯ ವೇಗವನ್ನು ಅಳೆದ ಪರೀಕ್ಷೆಗಳನ್ನು ಜೋಡಿಸಿದಾಗ, ಹೂಳು ತುಂಬಿದ ಕೆರೆಯಂಗಳಗಳಲ್ಲಿ ಕಂಪನ ಇನ್ನೂ ಹಿಗ್ಗುತ್ತದೆ ಎಂಬುದೂ ಗೋಚರಿಸಿತು. ಬೆಂಗಳೂರಿನ ಶಿಲೆಯೂ ಮೈಸೂರಿನ ಶಿಲೆಯೂ ಒಂದೇ ಮನೆತನದವು. ಎರಡೂ ಕೆರೆ ಕಟ್ಟಿ ಬೆಳೆದ ಊರುಗಳು. ಆ ಭೂರೇಖೆಯ ಒಂದು ತುದಿಯಲ್ಲಿರುವ ಮಂಡ್ಯ ಮೈಸೂರಿನಿಂದ ಸುಮಾರು 45 ಕಿ.ಮೀ. ದೂರದಲ್ಲಿದೆ.

ಇನ್ನೊಂದು ಸೂಕ್ಷ್ಮವನ್ನೂ ಗಮನಿಸಬೇಕು. ಅಲುಗಾಟ ಅತಿ ಪ್ರಬಲವಾದಾಗ ಮೆದು ಮಣ್ಣು ತಾನೇ ಸಡಿಲಗೊಂಡು ಶಕ್ತಿಯ ಒಂದು ಭಾಗವನ್ನು ನುಂಗಿಕೊಳ್ಳುತ್ತದೆ. ಮಧ್ಯಮ ತೀವ್ರತೆಯ ಅಲುಗಾಟದಲ್ಲಿ ಹಾಗಾಗುವುದಿಲ್ಲ. ಅಲ್ಲಿ ಕಂಪನ ಹಿಗ್ಗುವ ಪ್ರಮಾಣ ಹೆಚ್ಚು. ಮಧ್ಯಮ ಭೂಕಂಪಗಳನ್ನಷ್ಟೇ ನಿರೀಕ್ಷಿಸಬಹುದಾದ ಮೈಸೂರಿನಂಥ ಊರಿಗೆ ನೆಲದ ಮೇಲ್ಪದರ ಹೆಚ್ಚು ಮುಖ್ಯವಾಗುವುದು ಈ ಕಾರಣದಿಂದ.

ಸಂಹಿತೆ ಬಿಟ್ಟ ಸಂದು

ಕಟ್ಟಡಗಳ ವಿನ್ಯಾಸಕ್ಕೆ ಆಧಾರವಾದ 1893ನೇ ಸಂಖ್ಯೆಯ ಭಾರತೀಯ ಮಾನಕ ನೆಲವನ್ನು ಕಡೆಗಣಿಸಿಲ್ಲ. ಅದರ 2016ರ ಆವೃತ್ತಿ ನೆಲವನ್ನು ಗಟ್ಟಿ, ಮಧ್ಯಮ, ಮೆದು ಎಂದು ಮೂರು ಬಗೆಯಾಗಿ ವಿಂಗಡಿಸಿತು. ಒಂದು ಸೆಕೆಂಡಿನ ಲಯವಿರುವ ಎತ್ತರದ ಕಟ್ಟಡವನ್ನು ಗಟ್ಟಿ ನೆಲದಲ್ಲಿ ಕಟ್ಟುವುದಕ್ಕಿಂತ ಮೆದು ನೆಲದಲ್ಲಿ ಕಟ್ಟುವಾಗ ಶೇ 67ರಷ್ಟು ಹೆಚ್ಚಿನ ಬಲಕ್ಕೆ ವಿನ್ಯಾಸ ಮಾಡಬೇಕೆಂದು ಹೇಳಿತು. ಆದರೆ ಲಯ 0.1ರಿಂದ 0.4 ಸೆಕೆಂಡಿನೊಳಗಿರುವ ಗಿಡ್ಡ ಕಟ್ಟಡಗಳಿಗೆ ಮೂರೂ ಬಗೆಯ ನೆಲಕ್ಕೆ ಒಂದೇ ಅಂಕಿ. ಬಂಡೆಯ ಮೇಲಿನ ಮೂರು ಮಹಡಿಯ ಮನೆಯೂ ಗದ್ದೆಬಯಲಿನ ಮೂರು ಮಹಡಿಯ ಮನೆಯೂ ಆ ಲೆಕ್ಕದಲ್ಲಿ ಸಮಾನ. ಕಬ್ಬಿಣದ ಸರಳುಗಳನ್ನು ಭೂಕಂಪಕ್ಕೆ ಬಾಗಿ ತಡೆಯುವಂತೆ ಹೆಣೆಯುವ ವಿಧಾನವನ್ನು ಹೇಳುವ 13920ನೇ ಮಾನಕದ 2016ರ ಆವೃತ್ತಿಯೂ ಮೂರನೇ ವಲಯ ಮತ್ತು ಮೇಲಿನವುಗಳಿಗಷ್ಟೇ ಕಡ್ಡಾಯವಾಯಿತು. ಎರಡನೇ ವಲಯಕ್ಕೆ ಅದು ಐಚ್ಛಿಕ.

ಇದರ ಪರಿಣಾಮ ಬೀದಿಯಲ್ಲಿ ಕಾಣುತ್ತದೆ. ಕೆಳಗೆ ಕಾರು ನಿಲ್ಲಿಸಲು ಬರಿಯ ಕಂಬಗಳು, ಮೇಲೆ ಮೂರು ನಾಲ್ಕು ಮಹಡಿಗಳ ಗೋಡೆ. ಅಹಮದಾಬಾದ್ ಕಲಿಸಿದ ಪಾಠಕ್ಕೆ ನೇರ ವಿರುದ್ಧವಾದ ಈ ಮಾದರಿ ಮೈಸೂರಿನ ಹೊಸ ಬಡಾವಣೆಗಳಲ್ಲಿ ಅಪರೂಪವೇನಲ್ಲ. ಹಳೆಯ ಊರಿನ ಸಮಸ್ಯೆ ಬೇರೆ. ಸುಣ್ಣದ ಗಾರೆಯ ಕಟ್ಟಡಗಳು ನಿರ್ವಹಣೆಯಿಲ್ಲದೆ ಸೊರಗಿವೆ. 2012ರಲ್ಲಿ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರಲ್ಲಿ ದೇವರಾಜ ಮಾರುಕಟ್ಟೆಯ ಉತ್ತರ ದ್ವಾರದ ಭಾಗ ಬಿತ್ತು. 2022ರ ಅಕ್ಟೋಬರ್‌ನಲ್ಲಿ ಮಹಾರಾಣಿ ವಿಜ್ಞಾನ ಕಾಲೇಜಿನ ಹಳೆಯ ಕಟ್ಟಡದ ಸರದಿ. ಇವು ಯಾವುದಕ್ಕೂ ಭೂಕಂಪ ಬೇಕಾಗಲಿಲ್ಲ. ತನ್ನ ಭಾರಕ್ಕೇ ಬೀಳುವ ಗೋಡೆಗೆ ಸಾಧಾರಣ ಅಲುಗಾಟವೂ ದೊಡ್ಡದೇ.

ದೂರದ ಭೂಕಂಪಗಳ ನಿಧಾನ ಅಲೆಗಳು ಎತ್ತರದ ಕಟ್ಟಡಗಳನ್ನು ಹುಡುಕಿಕೊಂಡು ಬರುತ್ತವೆ ಎಂಬುದೂ ನೆನಪಿರಬೇಕು. 2012ರ ಏಪ್ರಿಲ್ 11ರಂದು ಸುಮಾತ್ರಾ ಬಳಿಯ ಸಮುದ್ರದಲ್ಲಿ 8.6 ತೀವ್ರತೆಯ ಭೂಕಂಪವಾದಾಗ ಬೆಂಗಳೂರಿನ ಕಚೇರಿಗಳಿಂದ ಜನ ಬೀದಿಗೆ ಓಡಿ ಬಂದಿದ್ದರು. ಮೈಸೂರು ಕೂಡ ಈಗ ಮೇಲ್ಮುಖವಾಗಿ ಬೆಳೆಯುತ್ತಿರುವ ಊರು.

ಕೇಸಿಂಗ್ ಪೈಪಿನಲ್ಲಿರುವ ಲೆಕ್ಕ

ಪರಿಹಾರ ಯಾವುದು? ಬಡಾವಣೆ ಬಡಾವಣೆಯ ನೆಲವನ್ನು ಅಳೆದು, ಎಲ್ಲಿ ಎಷ್ಟು ಅಲುಗಾಟ ನಿರೀಕ್ಷಿಸಬಹುದೆಂದು ತೋರಿಸುವ ಸೂಕ್ಷ್ಮ ವಲಯ ನಕ್ಷೆ. ದೆಹಲಿ, ಕೋಲ್ಕತ್ತ, ಗುವಾಹಟಿ, ಜಬಲ್ಪುರ, ಬೆಂಗಳೂರುಗಳಿಗೆ ಇಂಥ ಅಧ್ಯಯನ ನಡೆದಿದೆ. ರಾಷ್ಟ್ರೀಯ ಭೂಕಂಪಶಾಸ್ತ್ರ ಕೇಂದ್ರ ಆ ಬಳಿಕ ಕೈಗೆತ್ತಿಕೊಂಡ ನಗರಗಳ ಮೊದಲ ಸಾಲಿನಲ್ಲಿ ಚೆನ್ನೈ, ಕೊಯಮತ್ತೂರು, ಭುವನೇಶ್ವರಗಳ ಜೊತೆಗೆ ಮಂಗಳೂರಿನ ಹೆಸರಿತ್ತು. ಈ ಎರಡೂ ಸಾಲುಗಳಲ್ಲಿ ಮೈಸೂರು ಇಲ್ಲ. ಎರಡನೇ ವಲಯದ ಊರಿಗೆ ಆದ್ಯತೆ ಸಿಗದಿರುವುದು ಸಹಜವೇ. ಆದರೆ ಕೇಂದ್ರದ ಸರದಿಗಾಗಿ ಕಾಯುತ್ತ ಕೂರಬೇಕಾದ ಅಗತ್ಯವೂ ಇಲ್ಲ.

ಏಕೆಂದರೆ ನಕ್ಷೆಗೆ ಬೇಕಾದ ಮಾಹಿತಿಯ ದೊಡ್ಡ ಭಾಗ ಊರಿನಲ್ಲಿಯೇ ಇದೆ, ಚದುರಿಹೋಗಿದೆ ಅಷ್ಟೇ. ಕೊಳವೆ ಬಾವಿ ಕೊರೆಸಿದ ಪ್ರತಿ ಮನೆಯವರಿಗೂ ಎಷ್ಟು ಅಡಿ ಕೇಸಿಂಗ್ ಪೈಪ್ ಇಳಿಯಿತೆಂಬುದು ನೆನಪಿರುತ್ತದೆ. ಅಡಿಗಿಷ್ಟು ಎಂದು ಹಣ ತೆತ್ತವರು ಅವರು. ಕುಸಿಯುವ ಮಣ್ಣು ಇರುವವರೆಗೂ ಕೇಸಿಂಗ್ ಇಳಿಸಿ, ಗಟ್ಟಿ ಕಲ್ಲು ಸಿಕ್ಕಿದಲ್ಲಿ ನಿಲ್ಲಿಸುವುದು ರೂಢಿ. ಅಂದರೆ ಪ್ರತಿ ಕೇಸಿಂಗ್ ಪೈಪೂ ಬಂಡೆ ಎಷ್ಟು ಆಳದಲ್ಲಿದೆ ಎಂಬುದರ ಅಳತೆಗೋಲು. ನಲವತ್ತು ಅಡಿಗೇ ಕಲ್ಲು ಸಿಕ್ಕ ಬೀದಿ ಯಾವುದು, ನೂರು ಅಡಿ ದಾಟಿದ ಬೀದಿ ಯಾವುದು ಎಂದು ಗುರುತು ಹಾಕುತ್ತ ಹೋದರೆ ಊರಿನ ಅಡಿಯ ಒರಟು ಚಿತ್ರ ತಾನಾಗಿಯೇ ಮೂಡುತ್ತದೆ. ಕೊಳವೆ ಬಾವಿಗಳ ನೋಂದಣಿಗೆ 2011ರ ಕರ್ನಾಟಕ ಅಂತರ್ಜಲ ಕಾಯ್ದೆಯ ಚೌಕಟ್ಟೂ ಇದೆ. ಇದಕ್ಕೆ ದೊಡ್ಡ ಕಟ್ಟಡಗಳ ಮಣ್ಣು ಪರೀಕ್ಷೆಯ ವರದಿಗಳನ್ನು, ಸೇತುವೆ, ನೀರಿನ ಟ್ಯಾಂಕುಗಳ ಅಡಿಪಾಯದ ದಾಖಲೆಗಳನ್ನು, ಹಳ್ಳ ಕೆರೆಗಳನ್ನು ತೋರಿಸುವ ಹಳೆಯ ಸರ್ವೆ ನಕ್ಷೆಗಳನ್ನು ಸೇರಿಸಬಹುದು.

ಇದನ್ನು ಮಾಡಬಲ್ಲವರೂ ಇಲ್ಲಿಯೇ ಇದ್ದಾರೆ. ಮಾನಸಗಂಗೋತ್ರಿಯಲ್ಲಿ ಭೂವಿಜ್ಞಾನ ವಿಭಾಗವಿದೆ. 1946ರಲ್ಲಿ ಆರಂಭವಾದ ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಎಂಜಿನಿಯರಿಂಗ್ ಮತ್ತು 1963ರ ಜಯಚಾಮರಾಜೇಂದ್ರ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಸಿವಿಲ್ ವಿಭಾಗಗಳಿವೆ. ನೆಲದ ಸಹಜ ನಡುಕವನ್ನು ಅಳೆದು ಅದರ ಲಯ ಹೇಳುವ ಉಪಕರಣವನ್ನು ಒಬ್ಬರು ಹೊತ್ತೊಯ್ಯಬಹುದು; ಒಂದು ಜಾಗದ ಅಳತೆಗೆ ಒಂದು ಗಂಟೆಯೂ ಹಿಡಿಯುವುದಿಲ್ಲ. ಪಾಲಿಕೆ ಮತ್ತು ಅಭಿವೃದ್ಧಿ ಪ್ರಾಧಿಕಾರಗಳು ಮಾಡಬೇಕಾದದ್ದು ಎರಡೇ ಕೆಲಸ. ನಕ್ಷೆ ಮಂಜೂರಾತಿಯ ಹೊತ್ತಿನಲ್ಲಿ ತಮ್ಮ ಕೈಗೆ ಬರುವ ಮಣ್ಣಿನ ವರದಿಗಳನ್ನು ಕಡತದಲ್ಲಿ ಹೂಳದೆ ಒಂದೆಡೆ ಕೂಡಿಸುವುದು ಮೊದಲನೆಯದು. ಮೆದು ನೆಲವೆಂದು ಗೊತ್ತಾದ ಕಡೆ ಬರಿಗಂಬದ ನೆಲಮಹಡಿಗೆ ಬಲವರ್ಧನೆಯ ಷರತ್ತು ಹಾಕುವುದು ಎರಡನೆಯದು.

ಬೃಹತ್ ಮೈಸೂರಿನ ಮಾತು ನಡೆದಿರುವ ಈ ಹೊತ್ತಿನಲ್ಲಿ ಇದಕ್ಕೆ ಮಹತ್ವ ಹೆಚ್ಚು. ಇನ್ನು ಮುಂದೆ ಬಡಾವಣೆಗಳಾಗಲಿರುವುದು ಸುತ್ತಲಿನ ಹಳ್ಳಿಗಳ ಹೊಲ, ಗದ್ದೆ, ಕೆರೆಬಯಲುಗಳು. ಕಟ್ಟಿದ ಮೇಲೆ ಬಲಪಡಿಸುವುದಕ್ಕಿಂತ ಕಟ್ಟುವ ಮೊದಲು ತಿಳಿದುಕೊಳ್ಳುವುದು ಅಗ್ಗ. ಯಾವ ತಗ್ಗನ್ನು ಉದ್ಯಾನಕ್ಕೆ, ಆಟದ ಬಯಲಿಗೆ ಬಿಡಬೇಕು, ಯಾವ ದಿಣ್ಣೆಯ ಮೇಲೆ ಶಾಲೆ, ಆಸ್ಪತ್ರೆ ಕಟ್ಟಬೇಕು ಎಂಬ ನಿರ್ಧಾರಗಳಿಗೆ ಇನ್ನೂ ಕಾಲವಿದೆ.

ದೊಡ್ಡಕೆರೆಯನ್ನು ಮುಚ್ಚಿದವರು ಅಲ್ಲಿ ಮನೆ ಕಟ್ಟಿಸದೆ ಬಯಲು ಉಳಿಸಿದ್ದು ಭೂಕಂಪದ ಲೆಕ್ಕ ಹಾಕಿ ಅಲ್ಲದಿರಬಹುದು. ಆದರೂ ಅದರಿಂದ ಒಳ್ಳೆಯದೇ ಆಯಿತು. ಈಗ ಲೆಕ್ಕ ಹಾಕುವ ವಿದ್ಯೆ ಕೈಯಲ್ಲಿದೆ. ಬಂಡೆಯ ಮೇಲಿನ ಊರು ಎಂಬ ಹೆಮ್ಮೆ ಮೈಸೂರಿಗೆ ಇರಲಿ. ಬಂಡೆ ತಮ್ಮ ಮನೆಯ ಕೆಳಗೆ ಎಷ್ಟು ಅಡಿ ಆಳದಲ್ಲಿದೆ ಎಂಬ ತಿಳಿವಳಿಕೆಯೂ ಅಲ್ಲಿನ ಜನರಿಗೆ ಇರಬೇಕು.